ದೇಶಭಾಷೆಯೋ ಇಂಗ್ಲಿಷೋ: 1847ರ ಮುಂಬಯಿಯ ಒಂದು ವಾದ

ಶಿಕ್ಷಣಮಾಧ್ಯಮದ ಪ್ರಶ್ನೆ ಬಂದೊಡನೆ ನಮ್ಮವರ ಬಾಯಿಗೆ ಮೊದಲು ಬರುವ ಹೆಸರು ಮೆಕಾಲೆಯದು. ಆತನ 1835ರ ಟಿಪ್ಪಣಿ ಹುಟ್ಟಿದುದು ಕಲಕತ್ತೆಯಲ್ಲಿ; ಅಲ್ಲಿಯ ವ್ಯಾಜ್ಯ ಇಂಗ್ಲಿಷಿಗೂ ಸಂಸ್ಕೃತ-ಅರಬ್ಬಿಗಳಿಗೂ ನಡೆದುದು. ಜನರ ಆಡುಮಾತು ಅದರಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ದೇಶಭಾಷೆಯೂ ಇಂಗ್ಲಿಷೂ ಎದುರುಬದುರು ನಿಂತ ವಾದವೊಂದು ಹನ್ನೆರಡು ವರ್ಷಗಳ ಮೇಲೆ ನಮ್ಮ ಈ ಮುಂಬಯಿಯಲ್ಲಿಯೇ ನಡೆಯಿತು.

ಎಲ್‌ಫಿನ್‌ಸ್ಟನ್ ಸಾಹೇಬನ ಕಾಲದಿಂದ ಈ ಇಲಾಖೆಯ ಪರಿಪಾಠವೇ ಬೇರೆಯಾಗಿತ್ತು. 1822ರಲ್ಲಿ ಸ್ಥಾಪಿತವಾದ ಶಾಲಾಪುಸ್ತಕ ಸಂಸ್ಥೆಯು ಮರಾಠಿ, ಗುಜರಾತಿಗಳಲ್ಲಿ ಪಾಠಪುಸ್ತಕಗಳನ್ನು ಹೊರಡಿಸಿತು. ಇಂಜಿನಿಯರ್ ದಳದ ಅಧಿಕಾರಿ ಜಾರ್ಜ್ ಜರ್ವಿಸ್ ಗಣಿತಗ್ರಂಥಗಳನ್ನು ತಾನೇ ಮರಾಠಿಗೆ ತಂದನು. 1840ರಲ್ಲಿ ಶಿಕ್ಷಣಮಂಡಳಿ ಏರ್ಪಟ್ಟಿತು: ಅಧ್ಯಕ್ಷನಲ್ಲದೆ ಮೂವರು ಯುರೋಪಿಯನ್ನರು, ಮೂವರು ದೇಶೀಯರು. 1843ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಎರ್ಸ್ಕಿನ್ ಪೆರಿ ಅಧ್ಯಕ್ಷಪೀಠಕ್ಕೆ ಬಂದ ಮೇಲೆ ಗಾಳಿ ಬದಲಾಯಿತು.

ಪೆರಿಯ ವಾದ ತಳ್ಳಿಹಾಕುವಂಥದಲ್ಲ. ಹಣ ಅಲ್ಪ, ಮಕ್ಕಳು ಅಸಂಖ್ಯ; ಎಲ್ಲರಿಗೂ ಅರೆಬರೆ ಕಲಿಸುವುದಕ್ಕಿಂತ ಕೆಲವರಿಗೆ ಚೆನ್ನಾಗಿ, ಇಂಗ್ಲಿಷಿನಲ್ಲಿ, ಕಲಿಸಿದರೆ ವಿದ್ಯೆ ಅವರಿಂದ ಕೆಳಕ್ಕಿಳಿಯುವುದು; ದೇಶಭಾಷೆಗಳಲ್ಲಿ ಉನ್ನತ ಗ್ರಂಥಗಳಿಲ್ಲ ಎಂಬುದು ಆತನ ಅಭಿಪ್ರಾಯ. ಲೇವಾದೇವಿಯ ಲೆಕ್ಕ ನೋಡಿ ಅಭ್ಯಾಸವಾದ ನನಗೆ ಇದು ಜಾಮೀನಿಲ್ಲದ ಸಾಲದಂತೆ ತೋರುತ್ತದೆ. ಪಡೆದವನು ಮುಂದಿನವನಿಗೆ ಹಂಚಿಯೇ ತೀರುವನೆಂಬುದಕ್ಕೆ ಕರಾರುಪತ್ರವೇನಿತ್ತು?

ಜರ್ವಿಸ್ ಇದನ್ನು ಬಲವಾಗಿ ವಿರೋಧಿಸಿದನು. ಅವನ ಬೆನ್ನಿಗೆ ಮೂವರು ದೇಶೀಯ ಸದಸ್ಯರೂ ನಿಂತರು: ಜಗನ್ನಾಥ ಶಂಕರಶೇಟರು, ಫ್ರಾಮಜಿ ಕಾವಸಜಿ, ಮಹಮ್ಮದ್ ಇಬ್ರಾಹಿಂ ಮಕ್ಬಾ. ಇವರು ಇಂಗ್ಲಿಷಿನ ವೈರಿಗಳಾಗಿರಲಿಲ್ಲ. ಎಲ್‌ಫಿನ್‌ಸ್ಟನ್ ವಿದ್ಯಾಲಯದ ಏಳಿಗೆಗಾಗಿ ಶಂಕರಶೇಟರು ದುಡಿದುದು ಪ್ರಸಿದ್ಧವಾಗಿದೆ. ಇಂಗ್ಲಿಷನ್ನು ಭಾಷೆಯಾಗಿ ಕಲಿಯಲಿ. ಆದರೆ ಪಶ್ಚಿಮಭಾರತದ ಜನಸಾಮಾನ್ಯರಿಗೆ ಉಪಯುಕ್ತ ಜ್ಞಾನವನ್ನು ಮುಟ್ಟಿಸುವ ದಾರಿ ಅವರವರ ಭಾಷೆಯೇ ಎಂಬುದು 1847ರ ಅವರ ಟಿಪ್ಪಣಿಯ ಸಾರ. ಇಂದು ದ್ವಿಭಾಷಾ ಶಿಕ್ಷಣವೆಂದು ಕರೆಯುವುದಕ್ಕೆ ಇದು ಬಹಳ ದೂರವಲ್ಲ.

ವಿಷಯ ಸರಕಾರದ ಮುಂದೆ ಹೋಯಿತು. 1848ರಲ್ಲಿ ಬಂದ ಉತ್ತರವು ಎರಡೂ ಪಕ್ಷದವರು ತಮ್ಮದೇ ಜಯವೆಂದು ಓದಿಕೊಳ್ಳುವಂತಿತ್ತು! 1851ರಲ್ಲಿ ಜರ್ವಿಸ್ ತೀರಿಕೊಂಡನು. ಮರುವರ್ಷ ಪೆರಿ ಸ್ವದೇಶಕ್ಕೆ ತೆರಳಿದನು. 1854ರ ವುಡ್‌ನ ಶಿಕ್ಷಣಪತ್ರವು ಉನ್ನತ ವಿದ್ಯೆಗೆ ಇಂಗ್ಲಿಷು, ಜನಸಾಮಾನ್ಯರಿಗೆ ದೇಶಭಾಷೆ ಎಂದು ಎರಡಕ್ಕೂ ಸ್ಥಾನ ಕೊಟ್ಟಿತು. ಎರಡನ್ನೂ ಒಬ್ಬನೇ ವಿದ್ಯಾರ್ಥಿಯಲ್ಲಿ ಕೂಡಿಸುವ ಬಗೆ ಮಾತ್ರ ಬಗೆಹರಿಯಲಿಲ್ಲ.

ಈ ವಾದವನ್ನು ಕನ್ನಡಿಗನ ಕಣ್ಣಿನಿಂದ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಮಂಡಳಿಯಲ್ಲಿ ಕನ್ನಡದ ಪರವಾಗಿ ಮಾತನಾಡುವವರಾರೂ ಇರಲಿಲ್ಲ. ಧಾರವಾಡ ಸೀಮೆ ಇದೇ ಇಲಾಖೆಗೆ ಸೇರಿತ್ತು. ಅಲ್ಲಿ ಕಚೇರಿಯ ಮಾತೂ ಶಾಲೆಯ ಮಾತೂ ಬಹುಮಟ್ಟಿಗೆ ಮರಾಠಿಯಾಗಿದ್ದವು. ಅಲ್ಲಿಯ ಹುಡುಗನಿಗೆ ದೇಶಭಾಷೆಯ ಪಕ್ಷ ಗೆದ್ದರೂ ದೊರೆಯುವುದು ಪರಭಾಷೆಯೇ. ಆ ಸ್ಥಿತಿಯನ್ನು ತಿದ್ದಿದುದು ಮಂಡಳಿಯ ಟಿಪ್ಪಣಿಗಳಲ್ಲ. ವಿದ್ಯಾಖಾತೆಯ ಅಧಿಕಾರಿ ರಸೆಲ್ಲನ ಬೆಂಬಲದಿಂದ ಊರೂರಿನಲ್ಲಿ ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದ ಡೆಪ್ಯುಟಿ ಚನ್ನಬಸಪ್ಪನವರ (1834-1881) ದುಡಿಮೆ. ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದುದು ಆ ಮೇಲೆ, 1890ರಲ್ಲಿ.

ಮುಂಬಯಿಯ ನಮ್ಮವರ ಕಥೆ ಇನ್ನೂ ತೊಡಕಿನದು. ಕರಾವಳಿಯಿಂದ ಬಂದು ಹೊಟೇಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಓದಿ, ಜೊತೆಗೆ ಇಂಗ್ಲಿಷನ್ನೂ ಕಲಿತರು. ಅವರಲ್ಲಿ ಅನೇಕರ ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದಿತು. ಇಂಥವರ ಮಾತೃಭಾಷೆ ಯಾವುದು? ಕರ್ನಾಟಕ ಸರಕಾರದ 1994ರ ಭಾಷಾನೀತಿಯನ್ನು ಕುರಿತು 2014ರ ಮೇ 6ರಂದು ತೀರ್ಪಿತ್ತ ಸುಪ್ರೀಂ ಕೋರ್ಟಿನ ಸಂವಿಧಾನಪೀಠದ ಮುಂದೆಯೂ ಮೊದಲು ನಿಂತ ಪ್ರಶ್ನೆ ಇದೇ. ಮಗುವಿನ ಮಾತೃಭಾಷೆಯನ್ನು ಗೊತ್ತುಪಡಿಸುವವರು ತಂದೆತಾಯಿಗಳು ಅಥವಾ ಪೋಷಕರೇ ಹೊರತು ಸರಕಾರವಲ್ಲ ಎಂದು ಪೀಠವು ಹೇಳಿತು. ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾಮಾಧ್ಯಮವನ್ನು ಕಡ್ಡಾಯಮಾಡಲಾಗದೆಂದೂ ತೀರ್ಮಾನಿಸಿತು.