ಸರಕಿನ ಕೋಣೆಯ ನಾಯಿ

ಫ್ರಾಂಕ್‌ಫರ್ಟ್‌ಗೆ ನಾವು ಬಂದ ಹೊಸತು. ಒಂದು ಭಾನುವಾರ ವಿಮಾನ ನಿಲ್ದಾಣದ ಬಗಲಿಗೇ ಇರುವ ತ್ಸೆಪೆಲಿನ್‌ಹೈಮ್ ಎಂಬ ಪುಟ್ಟ ಊರಿಗೆ ಹೋಗಿದ್ದೆ. 1930ರ ದಶಕದಲ್ಲಿ ಆಕಾಶನೌಕೆಗಳ ಸಿಬ್ಬಂದಿಗೆಂದು ಕಟ್ಟಿದ ಊರದು. ಈಗ ಅಲ್ಲೊಂದು ಸಣ್ಣ ಮ್ಯೂಸಿಯಂ ಇದೆ. ಆಕಾಶದಲ್ಲಿ ಒಂದರ ಹಿಂದೊಂದು ವಿಮಾನ ಇಳಿಯುತ್ತಲೇ ಇದ್ದವು. ಪ್ರತಿ ವಿಮಾನ ಕಂಡಾಗಲೂ ನನಗೆ ಬರುತ್ತಿದ್ದ ಯೋಚನೆ ಒಂದೇ. ಇದರ ಹೊಟ್ಟೆಯೊಳಗೆ ನಮ್ಮ ಗುಂಡ ಇರಬಹುದಾಗಿತ್ತು.

ಗುಂಡ ಅಂದರೆ ಮೈಸೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದ ನಮ್ಮ ಪಗ್. ಏಳು ವರ್ಷ, ಒಂಬತ್ತೂವರೆ ಕೆಜಿ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆಯೇ ನಡೆದ ಪಗ್ಗನ್ನು ಕಂಡು ಊರೂರಲ್ಲಿ ಜನ ಪಗ್ ತಂದರಲ್ಲ, ಆ ಹುಚ್ಚಿನ ತಡವಾದ ಬಳುವಳಿ ಅವನು. ಅವನನ್ನು ಕರೆತರುವುದೆಂದೇ ನಾವು ನಿರ್ಧರಿಸಿದ್ದೆವು. ಮೈಕ್ರೋಚಿಪ್ ಹಾಕಿಸಿ, ರೇಬೀಸ್ ಚುಚ್ಚುಮದ್ದು ಕೊಡಿಸಿ, ಮೂವತ್ತು ದಿನ ಕಳೆದ ಮೇಲೆ ರಕ್ತ ಪರೀಕ್ಷೆಗೆ ಕಳಿಸಿ, ಆಮೇಲೆ ಯುರೋಪಿನ ನಿಯಮದಂತೆ ಮೂರು ತಿಂಗಳು ಕಾದಿದ್ದೆವು. ಪೆಟ್ಟಿಗೆಯೂ ಬಂದಿತ್ತು. ಒಳಗೆ ಅವನು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘದ ಅಳತೆ ಅದು. ಕ್ಯಾಬಿನ್ನಿನಲ್ಲಿ ಒಯ್ಯಲು ಚೀಲವೂ ಸೇರಿ ಎಂಟು ಕೆಜಿ ಮೀರುವಂತಿರಲಿಲ್ಲ. ಹಾಗಾಗಿ ಗುಂಡನಿಗೆ ಉಳಿದದ್ದು ಕೆಳಗಿನ ಸರಕಿನ ಕೋಣೆ.

ಮ್ಯೂಸಿಯಂ ನೋಡಿ ಬಂದ ರಾತ್ರಿ ಹಿಂಡೆನ್‌ಬರ್ಗ್ ಬಗ್ಗೆ ಓದುತ್ತಾ ಕೂತೆ. ಅಲ್ಲಿ ಸಿಕ್ಕಿದ್ದು ಉಲ್ಲಾ.

ಉಲ್ಲಾ ಒಂದು ಜರ್ಮನ್ ಶೆಫರ್ಡ್. ಯಜಮಾನ ಜೋಸೆಫ್ ಶ್ಪೇ, ರಂಗದ ಮೇಲೆ ಕಸರತ್ತು ಮಾಡಿ ನಗಿಸುವ ಕಲಾವಿದ. ಕುಡುಕನ ವೇಷದಲ್ಲಿ ಬೀದಿದೀಪದ ಕಂಬಕ್ಕೆ ಜೋತುಬಿದ್ದು ತೂಗಾಡುವುದು ಅವನ ಹೆಸರುವಾಸಿ ಆಟ. ಯುರೋಪಿನ ಪ್ರದರ್ಶನ ಮುಗಿಸಿ ನ್ಯೂಯಾರ್ಕ್ ಬಳಿಯ ಮನೆಗೆ ಹೊರಟವನು ಮಕ್ಕಳಿಗೆ ಅಚ್ಚರಿಯಾಗಲೆಂದು ನಾಯಿಯನ್ನೂ ಹತ್ತಿಸಿಕೊಂಡಿದ್ದ. 1937ರ ಮೇ 3ರ ಸಂಜೆ ಹಿಂಡೆನ್‌ಬರ್ಗ್ ಫ್ರಾಂಕ್‌ಫರ್ಟಿನಿಂದಲೇ ಮೇಲೆದ್ದಿತು. ಪ್ರಯಾಣಿಕರಿಗೆ ಊಟದ ಮನೆ, ಓದುವ ಕೋಣೆ, ಕೊನೆಗೆ ಸಿಗರೇಟು ಸೇದುವ ಕೋಣೆ ಕೂಡ ಇತ್ತು, ಸುತ್ತ ಅಷ್ಟೊಂದು ಹೈಡ್ರೋಜನ್ ತುಂಬಿಕೊಂಡು! ಉಲ್ಲಾಳನ್ನು ಇಟ್ಟದ್ದು ಹಿಂಭಾಗದ ಸರಕಿನ ಜಾಗದಲ್ಲಿ. ಅಲ್ಲಿಗೆ ಪ್ರಯಾಣಿಕರು ಒಂಟಿಯಾಗಿ ಹೋಗುವಂತಿರಲಿಲ್ಲ. ಶ್ಪೇ ಹೋಗುತ್ತಿದ್ದ. ನಾಯಿಗೆ ಊಟ ಹಾಕಬೇಕು, ಮೈದಡವಬೇಕು. ಪ್ರತಿ ಸಲ ಸಿಬ್ಬಂದಿಯನ್ನು ಕಾಯುವ ವ್ಯವಧಾನ ಅವನಿಗಿರಲಿಲ್ಲ.

ಮೇ 6ರ ಸಂಜೆ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ನೌಕೆಗೆ ಹಿಂಬದಿಯಲ್ಲಿ ಬೆಂಕಿ ಹತ್ತಿತು. ಅರ್ಧ ನಿಮಿಷವೆನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶ್ಪೇ ಕೈಯಲ್ಲಿದ್ದ ಸಿನಿಮಾ ಕ್ಯಾಮೆರಾದಿಂದ ಕಿಟಕಿ ಒಡೆದು, ಅಂಚಿಗೆ ಜೋತುಬಿದ್ದು, ನೆಲ ಹತ್ತಿರವಾದಾಗ ಕೈಬಿಟ್ಟ. ಕಂಬದ ಮೇಲೆ ತೂಗಾಡಿದ ಅಭ್ಯಾಸ ಕೈಹಿಡಿಯಿತೇನೋ, ಕಾಲಿಗೆ ಪೆಟ್ಟಾಯಿತು, ಜೀವ ಉಳಿಯಿತು. ನೌಕೆಯಲ್ಲಿದ್ದ 97 ಮಂದಿಯಲ್ಲಿ 35 ಮಂದಿ ಸತ್ತರು, ನೆಲದ ಮೇಲಿದ್ದ ಒಬ್ಬ ಕೆಲಸಗಾರನೂ ಸತ್ತ. ಎಲ್ಲೆಡೆ 36 ಎಂದೇ ಬರೆಯುತ್ತಾರೆ. ಉಲ್ಲಾ ಆ ಲೆಕ್ಕದಲ್ಲಿಲ್ಲ.

ಮುಂದಿನ ಕತೆಯನ್ನು ಎರಡು ಸಲ ಓದಿದೆ. ಬೆಂಕಿ ಯಾರೋ ಹಚ್ಚಿದ್ದೆಂಬ ಗುಮಾನಿ ಎದ್ದಾಗ ಬೆರಳು ತಿರುಗಿದ್ದು ಶ್ಪೇಯತ್ತ. ಯಾರೂ ಜೊತೆಗಿಲ್ಲದೆ ನೌಕೆಯ ಒಡಲೊಳಗೆ ಮತ್ತೆ ಮತ್ತೆ ಹೋದವನು ಅವನೊಬ್ಬನೇ ಪ್ರಯಾಣಿಕ. ಬಾಂಬ್ ಇಡಲು ಅವಕಾಶ ಇನ್ಯಾರಿಗಿತ್ತು? ಎಫ್‌ಬಿಐ ಅವನನ್ನು ಜಾಲಾಡಿತು. ಏನೂ ಸಿಗಲಿಲ್ಲ. ನಾಯಿಗೆ ಊಟ ಹಾಕಲು ಹೋದದ್ದು ಅವನ ಮೇಲಿನ ಸಾಕ್ಷ್ಯವಾಯಿತು.

ಪ್ರಾಣಿಗಳು ಗಾಳಿಗೇರಿದ್ದು ನಮಗಿಂತ ಮುಂಚೆ. 1783ರ ಸೆಪ್ಟೆಂಬರ್ 19ರಂದು ವರ್ಸೇಲ್ಸ್‌ನಲ್ಲಿ, ದೊರೆ ಹದಿನಾರನೇ ಲೂಯಿಯ ಕಣ್ಣೆದುರು, ಮಾಂಟ್‌ಗಾಲ್ಫಿಯೇ ಸೋದರರ ಬಲೂನು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜವನ್ನು ಹೊತ್ತು ಹಾರಿತ್ತು. ಹುಂಜದ ರೆಕ್ಕೆಗೆ ಪೆಟ್ಟಾದದ್ದು ಎತ್ತರದಿಂದ ಎಂದು ಕೆಲವರು ವಾದಿಸಿದರಂತೆ; ಕುರಿ ಒದ್ದದ್ದು ಎಂದು ಆಮೇಲೆ ತಿಳಿಯಿತು. 1924ರಲ್ಲಿ ಡಚ್ ಕಂಪನಿ ಕೆಎಲ್ಎಂ ನಿಕೋ ಎಂಬ ಹೋರಿಯನ್ನು ರಾಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಒಯ್ದಿತು. ಆದರೆ ಇವಕ್ಕೆಲ್ಲ ಕಾನೂನು ಬಂದದ್ದು ಬಹಳ ತಡವಾಗಿ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆ 1966ರಲ್ಲಿ ಹುಟ್ಟಿದ್ದು ಪ್ರಯೋಗಾಲಯದ ನಾಯಿ ಬೆಕ್ಕುಗಳಿಗಾಗಿ. ವಿಮಾನ ಕಂಪನಿಗಳು ಅದರಡಿ ಬಂದದ್ದು 1976ರ ತಿದ್ದುಪಡಿಯಲ್ಲಿ. ಸತ್ತ ಸಾಕುಪ್ರಾಣಿಗಳ ಲೆಕ್ಕವನ್ನು ಕಂಪನಿಗಳು ಸರ್ಕಾರಕ್ಕೆ ಕೊಡಬೇಕಾದದ್ದು 2005ರಿಂದ.

ನನ್ನ ಕೈ ಕಟ್ಟಿಹಾಕಿದ್ದು ಆ ಲೆಕ್ಕವೇ. ಮೊದಲ ಐದು ವರ್ಷದಲ್ಲಿ 122 ನಾಯಿಗಳು ಸತ್ತಿದ್ದವು. ಅದರಲ್ಲಿ ಸುಮಾರು ಅರ್ಧ ಚಪ್ಪಟೆ ಮೂತಿಯವು. ಇಂಗ್ಲಿಷ್ ಬುಲ್‌ಡಾಗ್ 25, ಪಗ್ 11. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಾ ಮೈ ತಣಿಸಿಕೊಳ್ಳುತ್ತದೆ. ಮೂತಿಯೇ ಇಲ್ಲದ ನಾಯಿಗೆ ಅದೂ ಕಷ್ಟ. ಸರಕಿನ ಕೋಣೆಯಲ್ಲಿ ಗಾಳಿಯ ಒತ್ತಡ ಮೇಲಿನಷ್ಟೇ ಇರುತ್ತದೆ. ಅಪಾಯ ಹೆಚ್ಚು ಇರುವುದು ನೆಲದ ಮೇಲೆ, ಬಿಸಿಲಲ್ಲಿ ಪೆಟ್ಟಿಗೆ ಕಾಯುವ ಹೊತ್ತಿನಲ್ಲಿ. ಗಾಬರಿಯಾದರೆ ಇನ್ನಷ್ಟು ತೇಕು. ನಿದ್ದೆ ಮದ್ದು ಕೊಡೋಣವೆಂದರೆ ಉಸಿರೇ ಇನ್ನಷ್ಟು ಕುಗ್ಗೀತೆಂದು ವೈದ್ಯರು ಬೇಡವೆನ್ನುತ್ತಾರೆ.

ಕ್ಷೇಮವಾಗಿ ಇಳಿದ ಪಗ್‌ಗಳೆಷ್ಟು ಎಂಬುದು ಆ ಪಟ್ಟಿಯಲ್ಲಿಲ್ಲ. ಸಾವಿರಗಟ್ಟಲೆ ಇರಬಹುದು ಎಂದು ಹೆಂಡತಿ ವಾದಿಸಿದಳು. ಅವಳದ್ದೇ ಸರಿಯಿರಬಹುದು. ಒಂದು ವಿಮಾನ ಕಂಪನಿ ಚಪ್ಪಟೆ ಮೂತಿಯವನ್ನು ಬೇಸಿಗೆಯಲ್ಲಿ ಒಯ್ಯುವುದಿಲ್ಲ ಎಂದಿತು, ಇನ್ನೊಂದು ಸಹಿ ಹಾಕಿದರೆ ಒಯ್ಯುತ್ತೇವೆ ಎಂದಿತು. ಸಹಿ ಅಂದರೆ, ಸತ್ತರೆ ಹೊಣೆ ನಮ್ಮದಲ್ಲ ಎಂಬ ಕಾಗದಕ್ಕೆ. ಪೆನ್ನು ಹಿಡಿದು ಎರಡು ದಿನ ಕೂತೆ.

ವಿಷಯ ಹೇಳಿದಾಗ ಅಮ್ಮ ಫೋನಿನಲ್ಲಿ ಧರ್ಮರಾಯನನ್ನು ತಂದಳು. ಇಂದ್ರನ ರಥ ಬಂದು ನಿಂತರೂ ನಾಯಿಯನ್ನು ಬಿಟ್ಟು ಹತ್ತೆನೆಂದವನು ಅವನು. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಗಮಕದ ಮನೆಗಳಲ್ಲಿ ಆ ಭಾಗ ಅಷ್ಟು ಕೇಳಿಬರುವುದಿಲ್ಲ. ಅಮ್ಮ ಕೇಳಿದ್ದು ಹರಿಕತೆಯಲ್ಲಿ. "ಬಿಟ್ಟು ಹೋದವನು ನೀನು, ಕಳಿಸು ಅಂತ ಈಗ ನನ್ನನ್ನು ಕಾಡಬೇಡ" ಅಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಧರ್ಮರಾಯನಿಗೆ ಹತ್ತದೇ ಇರುವ ದಾರಿಯಿತ್ತು. ನನಗೂ ಇತ್ತು ಅನ್ನಿ. ಕೆಲಸ ಸಿಕ್ಕಿತ್ತು, ಬಂದೆ.

ಕಾಗದಕ್ಕೆ ಸಹಿ ಹಾಕಲಿಲ್ಲ. ಗುಂಡನ ರಕ್ತ ಪರೀಕ್ಷೆಯ ವರದಿ ಇಲ್ಲಿ ನನ್ನ ಮೇಜಿನ ಖಾನೆಯಲ್ಲಿದೆ. ಪೆಟ್ಟಿಗೆ ಮೈಸೂರಿನಲ್ಲೇ ಇದೆ. ಅಮ್ಮ ಅದರ ಬಾಗಿಲು ಕಳಚಿ, ಹಳೆಯ ಸೀರೆ ಹಾಸಿ, ಹಿತ್ತಲ ಜಗಲಿಯಲ್ಲಿಟ್ಟಿದ್ದಾಳೆ. ಮೊನ್ನೆ ಕಳಿಸಿದ ವಿಡಿಯೋದಲ್ಲಿ ಗುಂಡ ಅದರೊಳಗೇ ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ 'ಜೀವಂತ ಪ್ರಾಣಿ' ಎಂಬ ಹಸಿರು ಚೀಟಿ, ಮೇಲ್ಮುಖದ ಬಾಣ, ಫ್ರಾಂಕ್‌ಫರ್ಟಿನ ನಮ್ಮ ಮನೆಯ ವಿಳಾಸ ಎಲ್ಲ ಹಾಗೇ ಇದ್ದವು.