ಅರಳು ಹುರಿಯುವ ಯಂತ್ರ

ಮೆಕ್ಕೆಜೋಳದ ಅರಳು ಹುರಿಯುವ ಯಂತ್ರ ಬೇಕೆಂದು ಮಗ ಹಟ ಹಿಡಿದ. ಅಂಗಡಿಯಲ್ಲಿ ಎರಡು ಬಗೆಯವು ಕಂಡವು: ಎಣ್ಣೆಯಲ್ಲಿ ಹುರಿಯುವುದು ಒಂದು, ಬರಿಯ ಬಿಸಿಗಾಳಿಯಿಂದ ಅರಳಿಸುವುದು ಇನ್ನೊಂದು. ಇಂಥ ಪ್ರಶ್ನೆಗೂ ಚರಿತ್ರೆಯಲ್ಲಿ ಉತ್ತರ ಹುಡುಕುವುದು ಮೇಷ್ಟರ ದುರಭ್ಯಾಸವೆನ್ನಿ.

ಪೆರು ದೇಶದ ಕಡಲತೀರದಲ್ಲಿ ಆರು ಸಾವಿರ ವರ್ಷಗಳಿಗೂ ಹಿಂದೆಯೇ ಜನ ಈ ಅರಳನ್ನು ತಿನ್ನುತ್ತಿದ್ದರು. ಯಂತ್ರ ಮಾತ್ರ ನಿನ್ನೆ ಮೊನ್ನೆಯದು. ಅಮೆರಿಕದ ಮನೆಗಳಲ್ಲಿ ತಂತಿಯ ಬುಟ್ಟಿಯಲ್ಲಿ ಕಾಳು ತುಂಬಿ ಬೆಂಕಿಯ ಮೇಲೆ ಅಲ್ಲಾಡಿಸುತ್ತಿದ್ದರು; ಕೆಲವು ಸೀಯುತ್ತಿದ್ದವು, ಕೆಲವು ಅರಳದೆ ಉಳಿಯುತ್ತಿದ್ದವು. 1893ರಲ್ಲಿ, ವಿವೇಕಾನಂದರು ಮಾತನಾಡಿದ ಅದೇ ವರ್ಷ, ಶಿಕಾಗೋ ನಗರದ ವಿಶ್ವಪ್ರದರ್ಶನಕ್ಕೆ ಚಾರ್ಲ್ಸ್ ಕ್ರೆಟರ್ಸ್ ಎಂಬಾತ ಉಗಿಯಿಂದ ನಡೆಯುವ ಯಂತ್ರವನ್ನು ತಂದ. ಉಗಿಯ ಬಲ ಕಾಳನ್ನು ಬಿಡದೆ ಕದಡುತ್ತಿತ್ತು. ಎಣ್ಣೆ ಶಾಖವನ್ನು ಎಲ್ಲ ಕಾಳಿಗೂ ಸಮನಾಗಿ ಹಂಚುತ್ತಿತ್ತು. ನಮ್ಮ ಭಟ್ಟಿಯವರು ಅರಳಿಗೂ ಕಡಲೆಗೂ ಕಾದ ಮರಳನ್ನು ಬಳಸುವುದು ಇದೇ ಕಾರಣಕ್ಕಲ್ಲವೇ? ಬಿಸಿಗಾಳಿಯ ಮನೆಯಂತ್ರ ಬಂದದ್ದು 1970ರ ದಶಕದ ಕೊನೆಗೆ. ಎಣ್ಣೆ ಬೇಡದವರಿಗೆ ಅದು ಸರಿ. ಆದರೆ ಒಣ ಅರಳಿಗೆ ಉಪ್ಪುಕಾರ ಅಂಟುವುದಿಲ್ಲ.

ಕದಡುವ ಕಡ್ಡಿಯುಳ್ಳ ಎಣ್ಣೆಯ ಯಂತ್ರವನ್ನೇ ತಂದೆವು. ಮೊದಲ ದಿನವೇ ಅರ್ಧಕ್ಕರ್ಧ ಕಾಳು ಅರಳಲಿಲ್ಲ. ಮಗ ಯಂತ್ರವನ್ನು ಬೈದ. ತಪ್ಪು ಯಂತ್ರದ್ದಲ್ಲ. ಕಾಳಿನೊಳಗಿನ ನೀರು ಉಗಿಯಾಗಿ, ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆಯನ್ನು ಸಿಡಿಸಬೇಕು. ಅದಕ್ಕೆ ಕಾಳಿನಲ್ಲಿ ನೂರಕ್ಕೆ ಸುಮಾರು 14 ಪಾಲು ನೀರಿರಬೇಕು. ನಮ್ಮದು ಬೇಸಿಗೆಯುದ್ದಕ್ಕೂ ಅಡುಗೆಮನೆಯಲ್ಲಿ ಬಾಯಿ ತೆರೆದು ಕೂತಿದ್ದ ಪೊಟ್ಟಣ.