ನಮ್ಮ ಮನೆಯ ಗೋದಲಿ: ಎತ್ತಿಗೆ ಗೊತ್ತಿರುವುದು ನಮಗೆ ಗೊತ್ತೇ?



ಯಾದಗಿರಿ ಜಿಲ್ಲೆಯ ಕಡೇಚೂರು ಸುತ್ತಿನ ಹೊಲಗಳಲ್ಲಿ ಡಿಸೆಂಬರ್ ಎಂದರೆ ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ಕಾಲ. ಇದೇ ಚಳಿಯ ದಿನಗಳಲ್ಲಿ ನಮ್ಮ ನೆರೆಹೊರೆಯವರು ಎಳ್ಳ ಅಮಾವಾಸ್ಯೆ ಆಚರಿಸುತ್ತಾರೆ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹಂಚಿಕೊಂಡು ಉಣ್ಣುತ್ತಾರೆ. ಇದು ಯಾಕೆ ಎಂದು ಆ ಮನೆಯ ಪುಟ್ಟ ಮಗುವನ್ನು ಕೇಳಿದರೂ ಸಾಕು, ಭೂಮಿತಾಯಿಗೆ ಉಣಿಸುವ ಹಬ್ಬ ಎಂದು ಹೇಳುತ್ತದೆ. ಅದೇ ಮಗು ನಮ್ಮ ಮನೆಯ ಮಗುವಿಗೆ, 'ನಿಮ್ಮ ಕ್ರಿಸ್‌ಮಸ್ ಯಾಕೆ?' ಎಂದು ಕೇಳಿದರೆ ಏನು ಉತ್ತರ ಬಂದೀತು? ಕೇಕು, ಹೊಸ ಬಟ್ಟೆ, ನಕ್ಷತ್ರ, ಕ್ರಿಸ್‌ಮಸ್ ತಾತ ಎಂದಷ್ಟೇ ಉತ್ತರ ಬಂದರೆ, ತಪ್ಪು ಮಗುವಿನದಲ್ಲ, ನಮ್ಮದು.

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲೇ ಇದೆ. ಅದರ ಹೆಸರು ಗೋದಲಿ. ಪಟ್ಟಣದ ಮಕ್ಕಳಿಗೆ ಗೋದಲಿ ಎಂದರೆ ವರ್ಷಕ್ಕೊಮ್ಮೆ ಅಂಗಡಿಯಿಂದ ತರುವ ಬೊಂಬೆಗಳ ಸಾಲು. ಆದರೆ ನಮ್ಮ ಹಳ್ಳಿಯ ಹಿರಿಯರಿಗೆ ಅದು ದಿನನಿತ್ಯದ ಮಾತು. ಎತ್ತಿಗೆ ಕಣಿಕೆ, ಹೊಟ್ಟು ಹಾಕುವ ಜಾಗ ಅದು. ಲೋಕೋದ್ಧಾರಕ ಹುಟ್ಟಿದಾಗ ಅವರನ್ನು ಮಲಗಿಸಿದ್ದು ಅಂಥ ಜಾಗದಲ್ಲಿ.

ಸಂತ ಲೂಕರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಗೋದಲಿಯನ್ನು ಒಂದಲ್ಲ, ಮೂರು ಸಲ ಹೆಸರಿಸುತ್ತಾರೆ. ಮಾತೆ ಮರಿಯ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿ ಮಲಗಿಸಿದರು. ದೇವದೂತರು ಕುರಿಗಾಹಿಗಳಿಗೆ ಅದನ್ನೇ ಗುರುತಾಗಿ ಕೊಟ್ಟರು. ಕುರಿಗಾಹಿಗಳು ಓಡಿ ಬಂದು ಕಂಡದ್ದೂ ಅದನ್ನೇ. ಆದರೆ ಲೂಕರ ಬರಹದಲ್ಲಿ ಎತ್ತು, ಕತ್ತೆಗಳ ಸುದ್ದಿಯೇ ಇಲ್ಲ! ಅವು ಬಂದದ್ದು ಪ್ರವಾದಿ ಯೆಶಾಯನ ಗ್ರಂಥದಿಂದ. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಅರಿತಿವೆ, ದೇವರ ಜನರಿಗೆ ಮಾತ್ರ ಆ ಅರಿವಿಲ್ಲ ಎಂಬ ನೋವಿನ ಮಾತು ಮೊದಲ ಅಧ್ಯಾಯದಲ್ಲೇ ಇದೆ. ಗೋದಲಿಯ ಪಕ್ಕದಲ್ಲಿ ಎತ್ತು, ಕತ್ತೆಗಳನ್ನು ಇಡುವಾಗಲೆಲ್ಲ ನಾವು ಈ ಪ್ರಶ್ನೆಯನ್ನು ನಮ್ಮ ಮುಂದೆಯೇ ಇಟ್ಟುಕೊಳ್ಳುತ್ತೇವೆ: ಮೂಕಪ್ರಾಣಿಗೆ ಗೊತ್ತಿರುವುದು ನಮಗೆ ಗೊತ್ತೇ?

ಈ ಮರೆವು ಇಂದಿನದಲ್ಲ. ಡಿಸೆಂಬರ್ 25ರಂದು ಕ್ರಿಸ್ತಜಯಂತಿಯನ್ನು ಆಚರಿಸುತ್ತಿದ್ದುದಕ್ಕೆ ನಮಗೆ ಸಿಗುವ ಹಳೆಯ ಆಧಾರ ರೋಮಿನಲ್ಲಿ 354ರಲ್ಲಿ ಸಂಕಲನಗೊಂಡ ಒಂದು ಪಂಚಾಂಗ. ಅದರಲ್ಲಿನ ಮಾಹಿತಿ 336ರಷ್ಟು ಹಿಂದಿನದು ಎನ್ನುತ್ತಾರೆ ವಿದ್ವಾಂಸರು. ಅದೇ ಶತಮಾನದ ಕೊನೆಯಲ್ಲಿ, ಬೈಬಲನ್ನು ಲತೀನ್ ಭಾಷೆಗೆ ತಂದ ಸಂತ ಜೆರೋಮರು ಬೆತ್ಲೆಹೇಮಿನಲ್ಲೇ ನೆಲೆಸಿದ್ದರು. ಅಷ್ಟರಲ್ಲಾಗಲೇ ಭಕ್ತಿಯ ಭರದಲ್ಲಿ ಅಲ್ಲಿದ್ದ ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇಟ್ಟಿದ್ದರು. ಕ್ರಿಸ್ತಜಯಂತಿಯ ಪ್ರಬೋಧನೆಯೊಂದರಲ್ಲಿ ಜೆರೋಮರು ಇದಕ್ಕಾಗಿ ಮರುಗಿದರು. ಬೆಳ್ಳಿ ಇಟ್ಟವರನ್ನು ಅವರು ಬೈಯಲಿಲ್ಲ. ಆದರೆ ತೆಗೆದುಹಾಕಿದ ಆ ಮಣ್ಣಿನ ಗೋದಲಿಯೇ ತಮಗೆ ಹೆಚ್ಚು ಅಮೂಲ್ಯವೆಂದರು. ನಮ್ಮ ಬಣ್ಣದ ದೀಪಗಳನ್ನು ನೋಡಿದ್ದರೆ ಅವರು ಏನನ್ನುತ್ತಿದ್ದರೋ!

ಎಂಟು ಶತಮಾನಗಳ ನಂತರ ಅಸ್ಸಿಸಿಯ ಸಂತ ಫ್ರಾನ್ಸಿಸರು ಆ ಮಣ್ಣಿನ ಗೋದಲಿಯನ್ನು ಮರಳಿ ಜನರ ಕಣ್ಣೆದುರು ತಂದರು. 1223ರ ಮಾತು. ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಜಾನ್ ಎಂಬ ಗೃಹಸ್ಥನಿಗೆ, ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಅವರು ಹೇಳಿಕಳಿಸಿದರು. ಬೇಕಾದದ್ದು ಇಷ್ಟೇ: ಒಂದು ಗೋದಲಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಬೊಂಬೆಗಳಿಲ್ಲ, ವೇಷಗಳಿಲ್ಲ. ಆ ರಾತ್ರಿ ಊರಿನವರು ಪಂಜು ಹಿಡಿದು ಬಂದರು. ಗೋದಲಿಯ ಮೇಲೆಯೇ ದಿವ್ಯ ಬಲಿಪೂಜೆ ಅರ್ಪಣೆಯಾಯಿತು. ಉಪಯಾಜಕರಾಗಿದ್ದ ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿ ಪ್ರಬೋಧನೆ ನೀಡಿದರು.

ಈ ಘಟನೆಯನ್ನು ಫ್ರಾನ್ಸಿಸರ ಮರಣದ ಕೆಲವೇ ವರ್ಷಗಳಲ್ಲಿ ದಾಖಲಿಸಿದವರು ಚೆಲಾನೊದ ಥಾಮಸ್. ಅವರು ಇನ್ನೊಂದು ಸಂಗತಿಯನ್ನೂ ಹೇಳುತ್ತಾರೆ. ಅಲ್ಲಿದ್ದ ಒಬ್ಬ ಭಕ್ತನಿಗೆ ಗೋದಲಿಯಲ್ಲಿ ಉಸಿರಿಲ್ಲದಂತೆ ಮಲಗಿದ್ದ ಕೂಸು ಕಾಣಿಸಿತು. ಫ್ರಾನ್ಸಿಸರು ಹತ್ತಿರ ಹೋಗಿ ಎಬ್ಬಿಸಿದಾಗ ಆ ಕೂಸು ಎಚ್ಚೆತ್ತಿತು. ಇದರ ಅರ್ಥವನ್ನು ಥಾಮಸರೇ ಬಿಡಿಸಿದ್ದಾರೆ: ಅನೇಕರ ಹೃದಯಗಳಲ್ಲಿ ಬಾಲಯೇಸು ಮರೆತುಹೋಗಿದ್ದರು, ಈ ಸೇವಕನ ಮೂಲಕ ಮತ್ತೆ ಎಚ್ಚೆತ್ತರು. ಪ್ರಿಯರೇ, ಗೋದಲಿಯ ಇತಿಹಾಸವೆಲ್ಲ ಈ ಒಂದು ಮಾತಿನಲ್ಲಿದೆ. ಗೋದಲಿ ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ. ಮರೆತವರನ್ನು ಎಚ್ಚರಿಸಲು ಹುಟ್ಟಿದ್ದು.

ನಮ್ಮ ಕನ್ನಡ ನಾಡಿಗೂ ಈ ಕಥೆ ನಿನ್ನೆ ಮೊನ್ನೆ ಬಂದದ್ದಲ್ಲ. ಕಡೇಚೂರಿನಿಂದ ಕೃಷ್ಣೆಯನ್ನು ದಾಟಿ ಹೋದರೆ ಸಿಗುವ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ಕಾಲದಿಂದಲೇ ಕಥೋಲಿಕ ಸಮುದಾಯವಿದೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್, ಚಾಂದಬೀಬಿಯನ್ನು ಕುರಿತು ಬರೆದ, 1878ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ಮುದಗಲ್ಲಿನ ಕ್ರೈಸ್ತರಿಗೂ ಜಾಗ ಕೊಟ್ಟಿದ್ದಾನೆ. ದಕ್ಷಿಣದಲ್ಲಿ, ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಲೆಯೊನಾರ್ದೊ ಚಿನ್ನಾಮಿ ಗುರುಗಳು ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು.

ಆದರೂ ಒಂದನ್ನು ನೆನಪಿಡಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿ ಜನರ ಭಾಷೆಗೆ ಬಾಗಿಲು ತೆರೆಯುವ ತನಕ, ಬಲಿಪೂಜೆ ನಡೆಯುತ್ತಿದ್ದುದು ಲತೀನಿನಲ್ಲಿ. ಅಕ್ಷರ ಬಾರದ, ಲತೀನ್ ತಿಳಿಯದ ಅಜ್ಜ ಅಜ್ಜಿಯರಿಗೆ ಗೋದಲಿಯೇ ಶುಭಸಂದೇಶದ ಪುಸ್ತಕವಾಗಿತ್ತು. ಅದರ ಮುಂದೆ ಮೊಮ್ಮಕ್ಕಳನ್ನು ಕೂರಿಸಿಕೊಂಡು, ಇವರು ಜೋಸೆಫರು, ಇವರು ಮರಿಯಮ್ಮ, ಇವರು ಕುರುಬರು ಎಂದು ಬೆರಳು ತೋರಿಸಿ ಹೇಳುತ್ತಿದ್ದುದೇ ಅವರ ಧರ್ಮೋಪದೇಶ. ಇಂದು ನಮಗೆ ಕನ್ನಡ ಬೈಬಲ್ ಇದೆ, ಕನ್ನಡ ಬಲಿಪೂಜೆ ಇದೆ. ನಮ್ಮ ಈ ಭಾಗಕ್ಕೆ 2005ರಿಂದ ಗುಲ್ಬರ್ಗ ಧರ್ಮಕ್ಷೇತ್ರವೂ ಇದೆ. ಬೆರಳು ತೋರಿಸಿ ಕಥೆ ಹೇಳುವವರು ಇದ್ದಾರೆಯೇ?

ಆ ಜಾಗವನ್ನು ಬೇರೆಯವರು ತುಂಬಿದ್ದಾರೆ. ಕ್ರಿಸ್‌ಮಸ್ ತಾತನ ಮೂಲ ನಾಲ್ಕನೆಯ ಶತಮಾನದ ಧರ್ಮಾಧ್ಯಕ್ಷ, ಇಂದಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದ ಸಂತ ನಿಕೋಲಾಸರು. ಬಡವರಿಗೆ ಗುಟ್ಟಾಗಿ ನೆರವಾಗುತ್ತಿದ್ದರೆಂದು ಅವರು ಹೆಸರಾಗಿದ್ದರು. ಹಾಲೆಂಡಿನ ವಲಸಿಗರ ಜೊತೆ ಅವರ ನೆನಪು ಅಮೆರಿಕಕ್ಕೆ ಹೋಯಿತು. 1823ರ ಒಂದು ಪದ್ಯದಲ್ಲಿ ಅವರು ಜಿಂಕೆಗಳ ಗಾಡಿ ಏರಿದರು. 1931ರಿಂದ ಕೋಕಾ-ಕೋಲಾ ಜಾಹೀರಾತುಗಳು ಕೆಂಪು ಅಂಗಿಯ ಡೊಳ್ಳುಹೊಟ್ಟೆ ತಾತನನ್ನು ಜಗತ್ತಿಗೆಲ್ಲ ಪರಿಚಯಿಸಿದವು. ಗುಟ್ಟಾಗಿ ಕೊಡುತ್ತಿದ್ದ ಧರ್ಮಾಧ್ಯಕ್ಷರು ಗಂಟೆ ಬಾರಿಸಿ ಮಾರುವ ತಾತನಾದರು. ಮಕ್ಕಳ ನಗುವನ್ನು ಕಸಿಯುವುದು ಬೇಡ, ತಾತ ಬರಲಿ. ಆದರೆ ಬಂದವನು ಗೋದಲಿಯ ಮುಂದೆ ಮೊಣಕಾಲೂರಲಿ, ಅದಕ್ಕೆ ಅಡ್ಡ ನಿಲ್ಲದಿರಲಿ.

ಕಡೇಚೂರಿಗೆ ಮರಳೋಣ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಗಿದೆ. ರೈಲ್ವೆ ಬೋಗಿಗಳ ಕಾರ್ಖಾನೆ ಬಂದಿದೆ, ಔಷಧ ಕಾರ್ಖಾನೆಗಳು ಬಂದಿವೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾಗಿವೆ. ಎತ್ತಿಲ್ಲದ ಮನೆಯಲ್ಲಿ ಗೋದಲಿಯೂ ಇಲ್ಲ. ಇನ್ನು ಕೆಲವು ವರ್ಷಗಳಲ್ಲಿ ಗೋದಲಿ ಎಂದರೇನು ಎಂದು ಹಳ್ಳಿಯ ಮಕ್ಕಳಿಗೂ ವಿವರಿಸಬೇಕಾದೀತು. ಇತ್ತ ನಮ್ಮವರು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಅತ್ತ ದೂರದ ರಾಜ್ಯಗಳ ಕಾರ್ಮಿಕರು ಇಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಛತ್ರದಲ್ಲಿ ಜಾಗ ಸಿಗದ ಜೋಸೆಫ–ಮರಿಯರ ಕಥೆ ಇವರೆಲ್ಲರ ಕಥೆಯೇ ಅಲ್ಲವೇ?

ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಗೋದಲಿಯನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು. ಮನೆಗಳಲ್ಲಿ ಗೋದಲಿ ಕಟ್ಟುವ ಸಂಪ್ರದಾಯವನ್ನು ಬಿಡಬೇಡಿ, ಕೆಲಸದ ಜಾಗ, ಶಾಲೆ, ಆಸ್ಪತ್ರೆ, ಸೆರೆಮನೆಗಳಲ್ಲೂ ಅದು ಇರಲಿ ಎಂದು ಅವರು ಪ್ರೋತ್ಸಾಹಿಸಿದರು. 2025ರಲ್ಲಿ ದೈವಾಧೀನರಾದ ಆ ಜಗದ್ಗುರುಗಳ ಮಾತನ್ನು ನಾವು ಹೀಗೆ ಪಾಲಿಸಬಹುದು.

ಆಗಮನಕಾಲದಲ್ಲೇ ಗೋದಲಿ ಕಟ್ಟೋಣ. ಖರ್ಚು ಬೇಡ, ಹೊಲದ ಮಣ್ಣು, ಕಣಿಕೆ ಸಾಕು. ಬಾಲಯೇಸುವಿನ ಜಾಗ ಡಿಸೆಂಬರ್ 24ರ ರಾತ್ರಿಯವರೆಗೆ ಖಾಲಿ ಇರಲಿ. ಮನೆಯವರು ಒಂದೊಂದು ಒಳ್ಳೆಯ ಕೆಲಸ ಮಾಡಿದಾಗಲೂ, ಜಗಳವಾಡಿದವರ ಜೊತೆ ರಾಜಿಯಾದಾಗಲೂ ಮಕ್ಕಳು ಅದರಲ್ಲಿ ಒಂದೊಂದು ಹುಲ್ಲುಕಡ್ಡಿ ಇಡಲಿ. ಪಾಪನಿವೇದನೆ ಮಾಡಿ ಹೃದಯದ ಗೋದಲಿಯನ್ನೂ ಹಸನು ಮಾಡಿಕೊಳ್ಳೋಣ. ಆ ರಾತ್ರಿ ಲೂಕರ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಮನೆಯ ಹಿರಿಯರು ಓದಲಿ. ಗುಳೆ ಹೋದ ಮಕ್ಕಳು ಫೋನಿನಲ್ಲೇ ಕೇಳಲಿ. ನೆರೆಯ ಮನೆಗೆ ಸಿಹಿ ಕಳಿಸುವುದಷ್ಟೇ ಅಲ್ಲ, ಅವರನ್ನು ಕರೆದು ಗೋದಲಿ ತೋರಿಸೋಣ. ಊರು ಬಿಟ್ಟು ಬಂದ ಒಬ್ಬ ಕಾರ್ಮಿಕನಿಗಾದರೂ ಹಬ್ಬದ ಊಟಕ್ಕೆ ನಮ್ಮ ಪಂಕ್ತಿಯಲ್ಲಿ ಜಾಗ ಇರಲಿ.

ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ ಎಂದರ್ಥ. ದನಗಳ ಮೇವಿನ ಜಾಗದಲ್ಲಿ ಮಲಗಿದ ಆ ಕೂಸು ಪರಮಪ್ರಸಾದದಲ್ಲಿ ನಮಗೆ ಆಹಾರವಾಗಿ ಬರುತ್ತದೆ. ಎತ್ತಿಗೆ ತನ್ನ ಗೋದಲಿಯ ದಾರಿ ಕತ್ತಲಲ್ಲೂ ಗೊತ್ತು. ಈ ಕ್ರಿಸ್ತಜಯಂತಿಯ ರಾತ್ರಿ ನಮ್ಮ ಮಕ್ಕಳಿಗೂ ಆ ದಾರಿ ಗೊತ್ತಿರಲಿ.

ಬಾಲಯೇಸು ನಿಮ್ಮ ಮನೆ, ಹೊಲ, ದುಡಿಮೆಗಳನ್ನು ಆಶೀರ್ವದಿಸಲಿ. ನಿಮಗೆಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.